ಹೊಳೆ ದಂಡೆಯ ಜಾಗಕ್ಕೆ ನೆರೆ ಬರುತ್ತಾ ಅಂತ ತಿಳಿಯೋದು ಹೇಗೆ?

ಕಳಸದ ಹತ್ತಿರ ಹೊಳೆ ಪಕ್ಕ ತೋಟ ತಗೊಳ್ಳಬೇಕು, ನೆರೆಯ ಬಗ್ಗೆ ಸರ್ಕಾರದಿಂದ ಮಾಹಿತಿ ಸಿಗುತ್ತಾ ಅಂತ ಕೇಳಿದ್ದೀರಿ. ಸಿಗುತ್ತದೆ.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆ ಮಾಪಕ ಇಟ್ಟಿದೆ. 15 ನಿಮಿಷಕ್ಕೊಮ್ಮೆ ಲೆಕ್ಕ ಬೆಂಗಳೂರಿಗೆ ಹೋಗುತ್ತದೆ. ನಮ್ಮ ಕಡೆ ಇದು ಸುಮ್ನೆ ಅಲ್ಲ. ಕುದುರೆಮುಖದಲ್ಲಿ ಜಾಸ್ತಿ ಸುರಿದರೆ ಸಾಕು, ಕೆಳಗೆ ಭದ್ರಾ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗುತ್ತದೆ. ಹೊರನಾಡಿಗೆ ಹೊರಟವರು ಈಚೆ ದಡದಲ್ಲೇ ಬಾಕಿ!

ಮಳೆ ಮುನ್ಸೂಚನೆಗೆ ಇದೇ ಉಸ್ತುವಾರಿ ಕೇಂದ್ರದ 'ವರುಣ ಮಿತ್ರ' ಸಹಾಯವಾಣಿ ಇದೆ. ಗುಡ್ಡ ಕುಸಿಯುವ ಜಾಗಗಳ ನಕ್ಷೆ ಮಾಡುವುದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆಯ ಮಲೆಮನೆಯಲ್ಲಿ ಗುಡ್ಡ ಕುಸಿದು ಮನೆಗಳು ಹೋದ ಕಥೆ ಗೊತ್ತಲ್ವಾ, ಆ ನಕ್ಷೆಯನ್ನೂ ನೋಡಿ.

ನಕ್ಷೆಗಿಂತ ನನಗೆ ಹಳಬರ ಮಾತೇ ಹೆಚ್ಚು. ಆ ವರ್ಷ ನೀರು ಎಲ್ಲಿವರೆಗೆ ಬಂತು ಅಂತ ಪಕ್ಕದ ತೋಟದಲ್ಲಿ ಕೇಳಿ, ಆಮೇಲೆ ಅಡ್ವಾನ್ಸ್ ಕೊಡಿ.