ಕಂಬಕ್ಕೆ ಕಟ್ಟಿದ ಮೇಲೆ ಬಿದ್ದ ಏಟು

(ಸಕಲೇಶಪುರದ ಕಾಫಿ ಬೆಳೆಗಾರರೊಬ್ಬರ ಪತ್ರ: ಕಣದಿಂದ ಕಾಫಿ ಮೂಟೆ ಕದ್ದೊಯ್ಯುತ್ತಿದ್ದ ಕೂಲಿಯಾಳು ಮಾಲಿನ ಸಮೇತ ಸಿಕ್ಕಿಬಿದ್ದ. ಊರವರು ಕಂಬಕ್ಕೆ ಕಟ್ಟಿ ಹೊಡೆದರು. ‘ಹಿಂದೆಯೂ ಕಳವಾಗಿತ್ತು. ಕೋರ್ಟಿಗೆ ಹೋದರೆ ವರ್ಷಗಟ್ಟಲೆ ಅಲೆದಾಟ. ಅಂದು ಸಿಕ್ಕಿದ್ದೇ ನ್ಯಾಯ. ಅಹಿಂಸೆ ಶ್ರವಣಬೆಳಗೊಳದ ಬೆಟ್ಟದ ಮೇಲಿರಲಿ, ತೋಟದಲ್ಲಿ ನಡೆಯುವುದಿಲ್ಲ.’)

ಮಳೆ, ಆನೆ, ಬೆಲೆ ಎಲ್ಲಕ್ಕೂ ಹೆದರುತ್ತಾ ಬೆಳೆದದ್ದು ಒಂದು ರಾತ್ರಿಯಲ್ಲಿ ಹೋದರೆ ಹೊಟ್ಟೆ ಉರಿಯದೇ ಇರುತ್ತದೆಯೇ? ದೂರು ಕೊಟ್ಟು ಕಾಯುವುದೂ ಒಂದು ಶಿಕ್ಷೆಯೇ. ಇಷ್ಟನ್ನು ಒಪ್ಪಿಯೇ ಹೇಳುತ್ತೇನೆ, ಅಂದು ನಡೆದದ್ದು ನ್ಯಾಯವಲ್ಲ.

ಬೆಳಗೊಳದ ಮಾತು ನೀವೇ ಎತ್ತಿದ್ದೀರಿ. ಆ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ಸೇನಾಪತಿ, ‘ಸಮರ ಪರಶುರಾಮ’ ಎಂಬ ಬಿರುದು ಹೊತ್ತವನು. ಜೈನ ಆಚಾರದಲ್ಲಿ ಮುನಿಗೊಂದು ಅಳತೆ, ಗೃಹಸ್ಥನಿಗೊಂದು ಅಳತೆ. ಅಡುಗೆ, ಮನೆಗೆಲಸದಲ್ಲಿ ಆಗುವುದು ಆರಂಭಿ ಹಿಂಸೆ. ಬೇಸಾಯ, ಕಸುಬಿನಲ್ಲಿ ಆಗುವುದು ಉದ್ಯೋಗಿ. ಮೇಲೆರಗಿದವನನ್ನು ತಡೆಯುವಾಗ ಆಗುವುದು ವಿರೋಧಿ. ಗೃಹಸ್ಥ ಇವನ್ನು ಆದಷ್ಟು ತಗ್ಗಿಸಿಕೊಳ್ಳಬೇಕು. ಪೂರ್ತಿ ಬಿಡಲೇಬೇಕಾದದ್ದು ಸಂಕಲ್ಪಿ ಹಿಂಸೆ, ನೋಯಿಸಬೇಕೆಂದೇ ನೋಯಿಸುವುದು.

ಮೂಟೆ ಹೊತ್ತು ಓಡುತ್ತಿದ್ದವನನ್ನು ಅಡ್ಡಗಟ್ಟಿ ಕೆಡವಿದಿರಿ. ಅದಕ್ಕೆ ನಾನು ದೂರುವುದಿಲ್ಲ. ಆದರೆ ಕೈಕಟ್ಟಿದ ಮೇಲೆ? ಮೂಟೆ ಕಣಕ್ಕೆ ಬಂದಾಗಿತ್ತು, ಅವನು ಎಲ್ಲಿಗೂ ಓಡುವಂತಿರಲಿಲ್ಲ. ಆಮೇಲಿನ ಒಂದೊಂದು ಏಟೂ ಸಂಕಲ್ಪಿಯೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯೂ ಸ್ವತ್ತು ಕಾಯಲು ಬಲಪ್ರಯೋಗವನ್ನು ಒಪ್ಪುತ್ತದೆ, ರಕ್ಷಣೆಗೆ ಬೇಕಾದಷ್ಟನ್ನು ಮಾತ್ರ.

ಹೊಡೆದವರಲ್ಲಿ ಎಷ್ಟು ಮಂದಿ ಕಳವನ್ನು ಕಣ್ಣಾರೆ ಕಂಡಿದ್ದರು? ಪತ್ರದಲ್ಲಿ ಅದಿಲ್ಲ. ಗುಂಪು ಸೇರಿದರೆ ದೂರುದಾರ, ಸಾಕ್ಷಿ, ತೀರ್ಪುಗಾರ ಎಲ್ಲರೂ ಒಬ್ಬರೇ ಆಗಿಬಿಡುತ್ತಾರೆ. ಕೋರ್ಟು ಎಷ್ಟೇ ನಿಧಾನವಾಗಲಿ, ಅವರನ್ನು ಬೇರೆಬೇರೆ ಇಟ್ಟಿದೆ. ಆರೋಪಿಗೂ ಬಾಯಿ ಬಿಡಲು ಅವಕಾಶ ಕೊಟ್ಟಿದೆ.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು. ಲೈನ್ ಮನೆಯ, ಅಂದರೆ ತೋಟದ ಕೂಲಿಗಳ ಸಾಲುಮನೆಯ, ಆಳು ಕಂಬಕ್ಕೆ ಬಂದ. ಕದ್ದ ಮಾಲೆಂದು ಗೊತ್ತಿದ್ದೂ ಕಡಿಮೆ ಬೆಲೆಗೆ ಕೊಳ್ಳುವವನನ್ನು ಯಾವ ಊರಾದರೂ ಹಾಗೆ ಕಟ್ಟಿದ್ದನ್ನು ನಾನು ಕೇಳಿಲ್ಲ. ಕಟ್ಟಿ ಎಂದು ಹೇಳುತ್ತಿಲ್ಲ. ನಮ್ಮ ಸಿಟ್ಟು ದಿಕ್ಕಿಲ್ಲದವನನ್ನೇ ಹುಡುಕಿಕೊಂಡು ಹೋಗುತ್ತದಲ್ಲ, ಅದನ್ನು ನ್ಯಾಯ ಎಂದು ಕರೆಯಲು ನನಗೆ ಮನಸ್ಸು ಬಾರದು.

ಹಿಂದೆ ಕಳವಾದ ಮೂಟೆಗಳು ಯಾರ ಗೋದಾಮು ಸೇರಿದವು? ಲಿಖಿತ ದೂರು ಕೊಡಿ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ನಮಗೆ ಬರೆಯಿರಿ, ಪ್ರಕಟಿಸುತ್ತೇವೆ. ಏಟು ತಿಂದವನು ಈಗ ಎಲ್ಲಿದ್ದಾನೆ, ಅವನನ್ನು ಆಸ್ಪತ್ರೆಗೆ ಯಾರಾದರೂ ಕರೆದೊಯ್ದರೇ ಎಂಬುದನ್ನೂ ತಿಳಿಸಿ.

– ಸಂಪಾದಕ