ಬೆಂಗಳೂರಲ್ಲಿ ಹುಟ್ಟಿದ ಇಸಿಜಿ ಮಿಷಿನ್ನು

ಪ್ರಶ್ನೆ: ನನ್ನ ಮಗಳಿಗೆ ಬೆಂಗಳೂರಲ್ಲಿ ಅಮೆರಿಕದ ಕಂಪನಿಯೊಂದರ ಆರ್ ಅಂಡ್ ಡಿ (ಸಂಶೋಧನೆ ಮಾಡೋ) ಸೆಂಟರಲ್ಲಿ ಕೆಲ್ಸ ಸಿಕ್ಕಿದೆ. ನಮ್ಮಣ್ಣ ಮಾತ್ರ, ಹೊಸದು ಕಂಡುಹಿಡಿಯೋದೆಲ್ಲ ಅವ್ರ ಹೆಡ್ಡಾಫೀಸಲ್ಲೇ, ಇಲ್ಲಿಯವ್ರು ಹೇಳಿದ್ದು ಮಾಡ್ಕೊಡೋದಷ್ಟೇ ಅಂತಾರೆ. ಹೌದಾ?
– ಒಬ್ಬ ತಾಯಿ, ಹಾಸನ

ಉತ್ತರ: ನಿಮ್ಮಣ್ಣ ಹೇಳಿದ್ರಲ್ಲಿ ಅರ್ಧ ನಿಜ ಇದೆ ಅಮ್ಮ. 1985ರಲ್ಲಿ ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನವ್ರು ಬೆಂಗಳೂರಿಗೆ ಬಂದಾಗ ಇಲ್ಲಿ ಮಾಡಿದ್ದು ಚಿಪ್ ಡಿಸೈನಿಗೆ ಬೇಕಾದ ಸಾಫ್ಟ್‌ವೇರ್ ಕೆಲ್ಸ, ಅದನ್ನ ಸ್ಯಾಟಲೈಟ್ ಡಿಶ್ ಮೂಲಕ ಅಮೆರಿಕಕ್ಕೆ ಕಳಿಸ್ತಿದ್ರು. ಹೇಳಿದ್ದು ಮಾಡ್ಕೊಡೋ ಕೆಲ್ಸ ಇವತ್ತಿಗೂ ಬೇಕಾದಷ್ಟಿದೆ.

ಆದ್ರೆ ಉಳಿದರ್ಧ ಇದೆಯಲ್ಲ, ಅದಕ್ಕೆ ಒಂದು ಮಿಷಿನ್ನಿನ ಕತೆ ಹೇಳ್ಬೇಕು. ಅಮೆರಿಕದ ಜಿಇ (ಜನರಲ್ ಎಲೆಕ್ಟ್ರಿಕ್) ಕಂಪನಿ 2000ದಲ್ಲಿ ಬೆಂಗಳೂರಿನ ವೈಟ್‌ಫೀಲ್ಡಲ್ಲಿ ದೊಡ್ಡ ರಿಸರ್ಚ್ ಸೆಂಟರ್ ತೆರೀತು. ಅವ್ರ ಹತ್ರ ಒಳ್ಳೊಳ್ಳೆ ಇಸಿಜಿ ಮಿಷಿನ್, ಅಂದ್ರೆ ಎದೆಬಡಿತವನ್ನ ಗೆರೆಯಾಗಿ ಬರೆದು ತೋರ್ಸೋ ಮಿಷಿನ್ ಇದ್ವು, ಆದ್ರೆ ರೇಟು ಜಾಸ್ತಿ, ಹೊತ್ಕೊಂಡು ಓಡಾಡೋಕೆ ಭಾರ, ಹೆಚ್ಚಾಗಿ ಕರೆಂಟ್ ನಂಬ್ಕೊಂಡೇ ಓಡೋವು, ಕರೆಂಟ್ ಯಾವಾಗ ಹೋಗುತ್ತೋ ಗೊತ್ತಿಲ್ಲದ ಹಳ್ಳಿ ಕ್ಲಿನಿಕ್ಕಲ್ಲಿ ಅದನ್ನಿಟ್ಕೊಂಡು ಡಾಕ್ಟ್ರು ಏನ್ ಮಾಡ್ಬೇಕು ಹೇಳಿ. ಬೆಂಗಳೂರಿನ ಎಂಜಿನಿಯರ್‌ಗಳು ಇದನ್ನೇ ಹಿಡ್ಕೊಂಡು ಮ್ಯಾಕ್ 400 ಅಂತ ಹೊಸ ಮಿಷಿನ್ ಮಾಡಿದ್ರು. ಒಂದೂವರೆ ಕೆಜಿಯೊಳಗೆ ತೂಕ, ಬ್ಯಾಗಲ್ಲಿ ಹಾಕ್ಕೊಂಡು ರೋಗಿ ಮನೆಗೇ ಹೋಗ್ಬಹುದು, ಬ್ಯಾಟರೀಲಿ ಓಡುತ್ತೆ. ನಂಗೆ ಇದ್ರಲ್ಲಿ ಬಹಳ ಇಷ್ಟ ಆಗೋದು ಪ್ರಿಂಟರ್ ವಿಷ್ಯ: ದೊಡ್ಡ ಪ್ರಿಂಟರ್ ತೆಗೆದುಹಾಕಿ, ಬಸ್ ಟಿಕೆಟ್ ಮಿಷಿನ್ನಲ್ಲಿರುತ್ತಲ್ಲ, ಆ ತರದ ಪುಟ್ಟ ಪ್ರಿಂಟರನ್ನೇ ಇದಕ್ಕೆ ಹೊಂದಿಸಿದ್ರು. ಧೂಳು, ಬಿಸಿಲು, ಕುಲುಕಾಟ ಎಲ್ಲ ತಡ್ಕೊಂಡು ದಿನವಿಡೀ ಟಿಕೆಟ್ ಹರಿಯೋ ಸಾಮಾನು ಅದು! ಮಾಮೂಲಿ ಮಿಷಿನ್ನಿಗೆ 2,000 ಡಾಲರ್ ಆದ್ರೆ ಇದಕ್ಕೆ ಸುಮಾರು 800 ಡಾಲರ್, ಒಂದು ಇಸಿಜಿ ತೆಗೆಯೋ ಖರ್ಚು ಹೆಚ್ಚುಕಮ್ಮಿ ಒಂದು ಡಾಲರಿಗೆ ಇಳೀತು.

ಹಾಗಂತ ಎಲ್ಲಾ ಇಲ್ಲೇ ಹುಟ್ಟಿದ್ದು ಅಂದ್ರೂ ತಪ್ಪಾಗುತ್ತೆ, ಇಸಿಜಿ ಗೆರೆ ನೋಡಿ ಅರ್ಥ ಮಾಡ್ಕೊಳ್ಳೋ ವಿದ್ಯೆ ಅಮೆರಿಕದಲ್ಲಿ ಎಷ್ಟೋ ವರ್ಷ ಕೂತು ಬೆಳೆಸಿದ್ದು. ಆ ವಿದ್ಯೆ, ಇಲ್ಲಿಯವ್ರಿಗೆ ಗೊತ್ತಿದ್ದ ಇಲ್ಲಿನ ಕಷ್ಟ, ಎರಡೂ ಒಂದೇ ಟೇಬಲ್ಲಿಗೆ ಬಂದಿದ್ದಕ್ಕೆ ಆಯ್ತು. 2009ರಲ್ಲಿ ಜಿಇಯ ಆಗಿನ ಮುಖ್ಯಸ್ಥ ಜೆಫ್ರಿ ಇಮ್ಮೆಲ್ಟ್, ಪ್ರೊಫೆಸರ್ ವಿಜಯ್ ಗೋವಿಂದರಾಜನ್ ಮತ್ತವ್ರ ಜೊತೆಗಾರ ಕ್ರಿಸ್ ಟ್ರಿಂಬಲ್ ಇಂಥದ್ದನ್ನ ರಿವರ್ಸ್ ಇನ್ನೋವೇಷನ್ ಅಂತ ಕರೆದು ಬರೆದ್ರು, ಅಂದ್ರೆ ಶ್ರೀಮಂತ ದೇಶಕ್ಕೆ ಮಾಡಿದ್ದನ್ನ ಇಲ್ಲಿಗೆ ಇಳಿಸೋದಲ್ಲ, ಇಲ್ಲಿಗೇ ಅಂತ ಮಾಡಿ ಆಮೇಲೆ ಅಲ್ಲಿಗೂ ಒಯ್ಯೋದು. ಚೀನಾದಲ್ಲಿ ಜಿಇಯದ್ದೇ ಟೀಮು ಲ್ಯಾಪ್‌ಟಾಪ್ ಮೇಲೆ ಓಡೋ ಅಲ್ಟ್ರಾಸೌಂಡ್ ಮಾಡಿದ್ದೂ ಇದೇ ದಾರೀಲಿ.

ಪೇಟೆಂಟು, ಲಾಭ ಎಲ್ಲ ಕಂಪನಿಗೇ ಹೋಗುತ್ತೆ, ಅದು ನಂಗೂ ಬೇಜಾರೇ. ಆದ್ರೂ ಕಲಿತ ಕೈ ಇಲ್ಲೇ ಉಳಿಯುತ್ತೆ.

ಅದಕ್ಕೆ ಮಗಳಿಗೆ ಒಂದು ಮಾತು ಹೇಳಿ. ಸೇರೋ ಮುಂಚೆ ಎಚ್‌ಆರ್‌ನವ್ರನ್ನಲ್ಲ, ಮ್ಯಾನೇಜರ್ರನ್ನೇ ಕೇಳ್ಲಿ: ನಾವು ಮಾಡೋ ಪ್ರಾಡಕ್ಟ್ ಹೇಗಿರ್ಬೇಕು ಅಂತ ತೀರ್ಮಾನ ಮಾಡೋರು ಬೆಂಗಳೂರಲ್ಲಿದ್ದಾರಾ, ಅದನ್ನ ಬಳಸೋ ಜನರನ್ನ ಹೋಗಿ ನೋಡೋಕೆ ನಮ್ಮನ್ನ ಕಳಿಸ್ತೀರಾ? ಎರಡಕ್ಕೂ ಹೌದು ಅಂದ್ರೆ ಧೈರ್ಯವಾಗಿ ಸೇರ್ಕೊಳ್ಲಿ. ಇಲ್ಲ ಅಂದ್ರೂ ಸಂಬಳ ಬಿಡೋದು ಬೇಡ, ಒಂದೆರಡು ವರ್ಷ ಕೆಲ್ಸ ಕಲಿತು, ಅದೇ ಕಂಪನೀಲಿ ಹೌದು ಅನ್ನೋ ಟೀಮ್ ಎಲ್ಲಿದೆ ಅಂತ ಹುಡುಕ್ಕೊಳ್ಲಿ.