ಹಳೇ ಎಲೆಕ್ಟ್ರಿಕ್ ಕಾರು ತಗೊಳ್ಳುವ ಮುಂಚೆ ಒಂದ್ಸಲ ಏರು ಹತ್ತಿಸಿ ನೋಡಿ

ನೀವು ಕೇಳಿರುವುದು ಇಷ್ಟು: ಬೆಂಗಳೂರಿನವರೊಬ್ಬರ ನಾಲ್ಕು ವರ್ಷ ಹಳೆಯ ಎಲೆಕ್ಟ್ರಿಕ್ ಕಾರು, 52,000 ಕಿಲೋಮೀಟರ್ ಓಡಿದೆ. ಚಿಕ್ಕಮಗಳೂರಿನಿಂದ ಹಾಸನಕ್ಕೆ ದಿನಾ ಹೋಗಿ ಬರಲು ತಗೊಳ್ಳಬಹುದಾ? ಬೆಂಕಿ ಹತ್ತಿಕೊಳ್ಳುತ್ತಂತೆ, ನಡುರಸ್ತೆಯಲ್ಲಿ ನಿಂತುಹೋಗುತ್ತಂತೆ ಅಂತ ಮನೆಯಲ್ಲಿ ಹೆದರಿಸುತ್ತಿದ್ದಾರೆ, ನಿಜವಾ?

ನಾನು ಹಾಸನದವನು. ಎರಡು ವರ್ಷದ ಹಿಂದೆ ಇಂಥದ್ದೇ ಒಂದು ಕಾರು ತಗೊಂಡೆ. ಆಗ ಅದಕ್ಕೆ ಮೂರು ವರ್ಷ. ಯಾವ ಕಂಪನಿ ಅಂತ ಹೇಳುವುದಿಲ್ಲ, ಕೇಳಬೇಡಿ. ಬೆಂಕಿ ಗಿಂಕಿ ಏನೂ ಆಗಿಲ್ಲ. ರಸ್ತೆಯಲ್ಲಿ ಕೈಕೊಟ್ಟಿದ್ದು ಮಾತ್ರ ನಿಜ. ಒಂದಲ್ಲ, ಮೂರು ಸಲ.

ಮೊದಲ ಸಲ ಆಗಿದ್ದು ಶಿರಾಡಿ ಘಾಟಿಯಲ್ಲಿ. ಧರ್ಮಸ್ಥಳ ಮುಗಿಸಿ ಐದು ಜನ ವಾಪಸ್ ಬರುತ್ತಿದ್ದೆವು. ಚಾರ್ಜ್ ನೂರಕ್ಕೆ 34 ತೋರಿಸುತ್ತಿತ್ತು. ಸಕಲೇಶಪುರದಲ್ಲಿ ಕಾಫಿ ಕುಡಿದು ಚಾರ್ಜ್ ಹಾಕೋಣ ಅಂದುಕೊಂಡಿದ್ದೆ. ಮಾರನಹಳ್ಳಿ ಹತ್ತಿರ ಏರು ಹತ್ತುವಾಗ ಡ್ಯಾಶ್‌ಬೋರ್ಡಿನಲ್ಲಿ ಆಮೆಯ ಚಿತ್ರ ಬಂತು. ಪವರ್ ಕಡಿಮೆ ಮಾಡಿದ್ದೇನೆ ಅಂತ ಕಾರು ಹೇಳುವ ರೀತಿ ಅದು. ಆಕ್ಸಿಲರೇಟರ್ ಎಷ್ಟು ತುಳಿದರೂ ಕಾರು ಇಪ್ಪತ್ತರ ಮೇಲೆ ಏಳಲಿಲ್ಲ. ಹಿಂದೆ ಗ್ಯಾಸ್ ಟ್ಯಾಂಕರ್, ಅದರ ಹಿಂದೆ ಕೆಎಸ್ಆರ್‌ಟಿಸಿ ಬಸ್ಸು, ಎರಡೂ ಹಾರನ್. ಹಿಂದಿನ ಸೀಟಿನಲ್ಲಿ ಅಮ್ಮ ಮಂಜುನಾಥನನ್ನು ಕರೆಯುತ್ತಿದ್ದರು. ಹೇಗೋ ಪಕ್ಕಕ್ಕೆ ತೆಗೆದೆ. ಜೀಪಿನವನೊಬ್ಬ ಪಾಪ ಒಳ್ಳೆಯವನು, 'ಹಗ್ಗ ಐತೆ ಸಾ, ಎಳ್ಕೊಂಡ್ ಹೋಗಣ' ಅಂದ. ಬೇಡ ಅಂದೆ. ಇದನ್ನು ನೀವೂ ನೆನಪಿಟ್ಟುಕೊಳ್ಳಿ: ಎಲೆಕ್ಟ್ರಿಕ್ ಕಾರನ್ನು ಹಗ್ಗ ಕಟ್ಟಿ ದೂರ ಎಳೆಯಬಾರದು. ಚಕ್ರ ತಿರುಗಿದರೆ ಮೋಟಾರೂ ತಿರುಗುತ್ತೆ, ಕರೆಂಟ್ ಹುಟ್ಟುತ್ತೆ, ಒಳಗಿನದ್ದು ಸುಟ್ಟುಹೋಗಬಹುದು. ನಾಲ್ಕೂ ಚಕ್ರ ಮೇಲೆ ಕೂರುವಂಥ ಲಾರಿಯೇ ಬೇಕು. ಅರ್ಧ ಗಂಟೆ ಆಫ್ ಮಾಡಿ ಕೂತೆವು. ಆಮೇಲೆ ನಿಧಾನವಾಗಿ ಸಕಲೇಶಪುರ ಸೇರಿಕೊಂಡೆವು.

ಸರ್ವಿಸ್ ಸೆಂಟರಿನವರು ಏನಂದರು ಗೊತ್ತಾ? 'ಚೆಕ್ ಮಾಡಿದ್ವಿ ಸರ್, ಏನೂ ಫಾಲ್ಟ್ ಇಲ್ಲ, ಸಾಫ್ಟ್‌ವೇರ್ ಅಪ್‌ಡೇಟ್ ಹಾಕಿದ್ದೀವಿ.' ಎರಡನೇ ಸಲವೂ ಅದೇ ಮಾತು. ಅವರು ಸುಳ್ಳು ಹೇಳುತ್ತಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಬ್ಯಾಟರಿ ಒಳಗೆ ಸೆಲ್‌ಗಳ ಗುಂಪುಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ಜೋಡೆತ್ತಿನಲ್ಲಿ ಒಂದು ಸೋತರೆ ಗಾಡಿ ಅದರ ನಡಿಗೆಯಲ್ಲೇ ಹೋಗಬೇಕಲ್ಲ, ಹಾಗೆ. ಒಂದು ಗುಂಪು ಬಲಹೀನ ಆಗಿದ್ದರೆ ಚಾರ್ಜ್ ಜಾಸ್ತಿ ಇದ್ದಾಗ, ಸಮತಟ್ಟು ರಸ್ತೆಯಲ್ಲಿ ಗೊತ್ತೇ ಆಗುವುದಿಲ್ಲ. ಚಾರ್ಜ್ ಕಡಿಮೆ ಆಗಿ, ಏರು ಬಂದು, ಒಟ್ಟಿಗೆ ಜಾಸ್ತಿ ಕರೆಂಟ್ ಎಳೆದಾಗ ಅದರ ವೋಲ್ಟೇಜ್ ಪಟ್ಟನೆ ಕುಸಿಯುತ್ತೆ. ಬ್ಯಾಟರಿ ಹಾಳಾಗದಿರಲಿ ಅಂತ ಕಂಪ್ಯೂಟರ್ ಪವರ್ ಕಟ್ ಮಾಡುತ್ತೆ. ಸರ್ವಿಸ್ ಸೆಂಟರಿನ ಅಂಗಳದಲ್ಲಿ 80 ಚಾರ್ಜ್ ಇಟ್ಟುಕೊಂಡು ನೋಡಿದರೆ ಏನು ಕಾಣುತ್ತೆ ಹೇಳಿ?

ಮೂರನೇ ಸಲ ನಾನು ಹಟ ಹಿಡಿದೆ. ಚಾರ್ಜ್ 25ಕ್ಕೆ ಇಳಿಸಿಕೊಂಡು ಹೋದೆ. ಟೆಕ್ನಿಷಿಯನ್ ಹುಡುಗನನ್ನು ಲ್ಯಾಪ್‌ಟಾಪ್ ಸಮೇತ ಪಕ್ಕದಲ್ಲಿ ಕೂರಿಸಿಕೊಂಡು ಬೈಪಾಸ್‌ನಲ್ಲಿ ಮೂರ್ನಾಲ್ಕು ಸಲ ಪೂರ್ತಿ ತುಳಿದೆ. ಒಂದು ಗುಂಪಿನ ವೋಲ್ಟೇಜ್ ಮಿಕ್ಕವುಗಳಿಗಿಂತ ಕೆಳಗೆ ಬೀಳುವುದನ್ನು ಅವನೇ ನೋಡಿ 'ಅಯ್ಯೋ' ಅಂದ. ಆ ಗುಂಪು ಇದ್ದ ಬ್ಯಾಟರಿ ಭಾಗವನ್ನು (ಮಾಡ್ಯೂಲ್) ಬದಲಾಯಿಸಿದರು. ವಾರಂಟಿ ಇತ್ತು, ದುಡ್ಡು ತಗೊಳ್ಳಲಿಲ್ಲ. ಆದರೆ 41 ದಿನ ಕಾರು ಅಲ್ಲೇ. ನಾನು ಬಸ್ಸಿನಲ್ಲಿ.

ಹಾಗಾಗಿ ನಿಮಗೆ ನನ್ನ ಮೊದಲ ಸಲಹೆ: ಆ ಕಾರನ್ನು ಬೆಂಗಳೂರಿನ ರಿಂಗ್ ರೋಡಿನಲ್ಲಿ ಓಡಿಸಿ ತೀರ್ಮಾನ ಮಾಡಬೇಡಿ. ಅಡ್ವಾನ್ಸ್ ಕೊಡುವ ಮುಂಚೆ ಊರಿಗೆ ತರಿಸಿ. ಚಾರ್ಜ್ 30ಕ್ಕೆ ಬಂದಾಗ ನಾಲ್ಕು ಜನ ಕೂತು, ಎಸಿ ಹಾಕಿ, ಕೈಮರದಿಂದ ಮುಳ್ಳಯ್ಯನಗಿರಿ ಕಡೆ ಹತ್ತಿಸಿ. ಮಾರುವವರು 'ಬ್ಯಾಟರಿ ಹೆಲ್ತ್ 94 ಇದೆ' ಅಂತ ಒಂದು ಪ್ರಿಂಟ್ ತೋರಿಸಬಹುದು. ಅದು ಇಡೀ ಬ್ಯಾಟರಿಯ ಲೆಕ್ಕ. ನನ್ನದಕ್ಕೂ ಚೆನ್ನಾಗಿಯೇ ತೋರಿಸಿತ್ತು. ಚಾರ್ಜ್ ಕಡಿಮೆ ಇದ್ದಾಗ ಸೆಲ್ ಸೆಲ್‌ಗೆ ವೋಲ್ಟೇಜ್ ವ್ಯತ್ಯಾಸ ಎಷ್ಟು ಅಂತ ಕೇಳಿ.

ಇನ್ನು ಬೆಂಕಿ. 2022ರಲ್ಲಿ ಸ್ಕೂಟರ್‌ಗಳಿಗೆ ಸಾಲು ಸಾಲಾಗಿ ಬೆಂಕಿ ಬಿದ್ದಿದ್ದು ಎಲ್ಲರಿಗೂ ನೆನಪಿದೆ. ಅದಾದ ಮೇಲೆ ಕೇಂದ್ರ ಸರ್ಕಾರ ಬ್ಯಾಟರಿ ನಿಯಮ ಬಿಗಿ ಮಾಡಿತು. ಕಾರುಗಳಿಗೆ ಎಐಎಸ್ 038 ಅನ್ನುವ ಮಾನದಂಡದ ಹೊಸ ರೂಪ, 2022ರ ಡಿಸೆಂಬರ್ 1ರಿಂದ ಮೊದಲ ಹಂತ, 2023ರ ಮಾರ್ಚ್ 31ರಿಂದ ಎರಡನೆಯದು. ನೀವು ನೋಡುತ್ತಿರುವ ಕಾರು ಯಾವ ತಿಂಗಳು ತಯಾರಾಗಿದ್ದು ಅಂತ ಆರ್‌ಸಿಯಲ್ಲಿ ನೋಡಿ. ಅದಕ್ಕಿಂತ ಮುಖ್ಯ, ಕಾರನ್ನು ರ‍್ಯಾಂಪಿಗೆ ಏರಿಸಿ ಹೊಟ್ಟೆ ನೋಡಿ. ಬ್ಯಾಟರಿ ಇರುವುದು ಅಲ್ಲೇ. ತಗ್ಗು, ಗೀರು, ಬಿರುಕು ಇದ್ದರೆ ಬಿಟ್ಟುಬಿಡಿ. ಹೊಸ ಬ್ಯಾಟರಿಗೆ ಐಪಿ 67 ಅಂತ ಇರುತ್ತೆ, ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತೆ. ಕಲ್ಲು ಹೊಡೆದು ಸೀಲ್ ಜರುಗಿದ್ದರೆ ಆ ಮಾತು ಲೆಕ್ಕಕ್ಕಿಲ್ಲ. ಎಸ್ಟೇಟ್ ರಸ್ತೆ ಹೇಗಿರುತ್ತೆ ಅಂತ ನಿಮಗೆ ನಾನು ಹೇಳಬೇಕಾ?

ರೀಕಾಲ್ ಆಗಿದೆಯಾ, ಅಂದರೆ ದೋಷ ಸರಿಮಾಡಲು ಕಂಪನಿಯೇ ಆ ಕಾರುಗಳನ್ನು ವಾಪಸ್ ಕರೆದಿದೆಯಾ ಅಂತಲೂ ನೋಡಿ. ನನ್ನ ಕಾರು ಈ ಕಂಪನಿಯದಲ್ಲ, ಉದಾಹರಣೆಗೆ ಹೇಳುತ್ತೇನೆ: ಹ್ಯುಂಡೈನವರು 2020ರಲ್ಲಿ ಬ್ಯಾಟರಿ ಅನುಮಾನದ ಮೇಲೆ ಭಾರತದಲ್ಲಿ 456 ಕೋನಾ ಕಾರುಗಳನ್ನು ವಾಪಸ್ ಕರೆದರು. 2024ರಲ್ಲಿ ಚಾರ್ಜಿಂಗ್ ಕಂಟ್ರೋಲ್ ಯೂನಿಟ್‌ನ ತೊಂದರೆಗೆ 1,744 ಅಯಾನಿಕ್ 5 ಕಾರುಗಳನ್ನು ಕರೆದರು. ಆ ಯೂನಿಟ್ ಕೆಟ್ಟರೆ 12 ವೋಲ್ಟಿನ ಸಣ್ಣ ಬ್ಯಾಟರಿ ಖಾಲಿಯಾಗುತ್ತೆ. ಕರೆದ ಮೇಲೆ ಹಳೇ ಮಾಲೀಕ ಹೋಗಿ ಮಾಡಿಸಿದನೋ ಇಲ್ಲವೋ ಅನ್ನುವುದು ಬೇರೆ. ಚಾಸಿಸ್ ನಂಬರ್ ಕೊಟ್ಟು ಕಂಪನಿಯಲ್ಲೇ ವಿಚಾರಿಸಿ.

ಈ 12 ವೋಲ್ಟಿನ ಬ್ಯಾಟರಿ ಬಗ್ಗೆ ಯಾರೂ ಹೇಳುವುದಿಲ್ಲ. ದೊಡ್ಡ ಬ್ಯಾಟರಿ ತುಂಬಿದ್ದರೂ ಇದು ಸತ್ತರೆ ಕಾರು ಏಳುವುದಿಲ್ಲ. ದೊಡ್ಡದರ ಸ್ವಿಚ್ ಒತ್ತುವುದೇ ಇದು. ನನ್ನದು ಒಂದು ಬೆಳಿಗ್ಗೆ ಮನೆ ಮುಂದೆ ಹೆಣದ ಹಾಗೆ ನಿಂತಿತ್ತು. ಬಿಎಂ ರಸ್ತೆಯ ಮಾಮೂಲಿ ಬ್ಯಾಟರಿ ಅಂಗಡಿಯಿಂದ ಹೊಸದು ತಂದು ಹಾಕಿದ ಮೇಲೆ ಸರಿಹೋಯಿತು. ನಾಲ್ಕು ವರ್ಷದ ಕಾರು ಅಂದಿರಲ್ಲ, ತಗೊಂಡ ದಿನವೇ ಬದಲಾಯಿಸಿ.

ಚಿಕ್ಕಪುಟ್ಟದ್ದು ಒಂದೆರಡು. ನಂಬರ್ ಪ್ಲೇಟ್ ಹಸಿರು ಸರಿ, ಅಕ್ಷರ ಬಿಳಿಯಾ ಹಳದಿಯಾ? ಹಳದಿ ಅಂದರೆ ಟ್ಯಾಕ್ಸಿ. ಬಿಳಿಯೇ ಇದ್ದರೂ ಮೊದಲು ಟ್ಯಾಕ್ಸಿ ಆಗಿತ್ತಾ ಅಂತ ಆರ್‌ಸಿ ಹಿಸ್ಟರಿ ನೋಡಿ. ಮಲೆನಾಡಿನಲ್ಲಿ ಇಲಿ ಕಾಟ ಜಾಸ್ತಿ, ಬಾನೆಟ್ ಒಳಗೆ ವೈರ್ ಕಡಿದಿದೆಯಾ ನೋಡಿ, ಕಿತ್ತಳೆ ಬಣ್ಣದ ಕೇಬಲ್ ಮಾತ್ರ ಮುಟ್ಟಬೇಡಿ. ಮನೆಯ ಅರ್ತಿಂಗ್ ಸರಿ ಇಲ್ಲದಿದ್ದರೆ ಚಾರ್ಜರ್ ಕೆಂಪು ಲೈಟ್ ತೋರಿಸಿ ಸುಮ್ನೆ ಕೂರುತ್ತೆ. ಅದು ಕಾರಿನ ತಪ್ಪೂ ಅಲ್ಲ, ಮೆಸ್ಕಾಂ ತಪ್ಪೂ ಅಲ್ಲ. ಬೇಸಿಗೆಯಲ್ಲಿ ಅರ್ತ್ ಗುಂಡಿಗೆ ಎರಡು ಬಿಂದಿಗೆ ನೀರು ಸುರಿಯಿರಿ.

ದೊಡ್ಡ ಬ್ಯಾಟರಿಗೆ ಸಾಮಾನ್ಯವಾಗಿ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಇರುತ್ತೆ. ಅದು ಎರಡನೇ ಮಾಲೀಕನಿಗೂ ಹಾಗೇ ಬರುತ್ತಾ ಅಂತ ಕಂಪನಿಯಿಂದ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಮಾರುವವರ ಬಾಯಿಮಾತು ಬೇಡ. ತೊಂದರೆ ಬಂದಾಗಲೂ ಬರವಣಿಗೆಯೇ ಕಾಪಾಡುವುದು. ಸರ್ವಿಸ್ ಸೆಂಟರಿನವರು ನಿಮ್ಮ ದೂರು ಬರೆದುಕೊಳ್ಳುವ ಜಾಬ್ ಕಾರ್ಡಿನಲ್ಲಿ 'ಜನರಲ್ ಚೆಕಪ್' ಅಂತ ಬರೆಯಲು ಬಿಡಬೇಡಿ. 'ಏರಿನಲ್ಲಿ ಪವರ್ ಹೋಯಿತು, ಚಾರ್ಜ್ 34 ಇತ್ತು' ಅಂತ ನಿಮ್ಮ ಮಾತಲ್ಲೇ ಬರೆಸಿ, ಫೋಟೋ ಇಟ್ಟುಕೊಳ್ಳಿ. ನನ್ನ ಮೊದಲ ಎರಡು ಜಾಬ್ ಕಾರ್ಡಿನಲ್ಲಿ ಇದ್ದಿದ್ದು ಬರೀ ವಾಟರ್ ವಾಶ್. ಕಂಪನಿಯವರು ಸತಾಯಿಸಿದರೆ ಗ್ರಾಹಕ ಸಹಾಯವಾಣಿ 1915 ಇದೆ, ಜಿಲ್ಲಾ ಗ್ರಾಹಕ ಆಯೋಗ ಇದೆ. ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬೇಕು.

ಈಗ ನನ್ನ ಕಾರು ಚೆನ್ನಾಗಿದೆ, ಮಾರುವ ಯೋಚನೆ ಇಲ್ಲ. ನಿಮ್ಮ ಓಡಾಟಕ್ಕೆ, ಬೇಲೂರು ಮೇಲೆ ದಿನಕ್ಕೆ 120 ಚಿಲ್ಲರೆ ಕಿಲೋಮೀಟರ್, ಒಳ್ಳೇ ಕಾರು ಸಿಕ್ಕರೆ ಪೆಟ್ರೋಲ್ ಕಡೆ ತಿರುಗಿ ನೋಡುವುದಿಲ್ಲ ನೀವು. ಆದರೆ ಮನೆಯಲ್ಲಿ ಅದೊಂದೇ ಕಾರಾ? ಹೌದಾದರೆ ಆ 41 ದಿನ ನೆನಪಿರಲಿ. ಕೈಮರದ ಏರಿನಲ್ಲಿ ಆಮೆ ಕಂಡರೆ ಅಲ್ಲಿಂದಲೇ ತಿರುಗಿಸಿ, ಕೀ ವಾಪಸ್ ಕೊಟ್ಟುಬಿಡಿ. ಮಾರುವವರು ಏರು ಹತ್ತಿಸುವುದು ಬೇಡ ಅಂದರೂ ಅಷ್ಟೇ.